ಕ್ಲಾರ್ಕ್ ಸಿಸ್ಟರ್ಸ್: ಐವರು ಅಕ್ಕತಂಗಿಯರು, ಒಬ್ಬ ತಾಯಿ, ಒಂದು ಚರ್ಚಿನ ಹೊಸ್ತಿಲು

2018ರ ಆಗಸ್ಟ್ 31ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ಅಂತ್ಯಕ್ರಿಯೆ ನಡೆಯಿತು. ಗ್ರೇಟರ್ ಗ್ರೇಸ್ ಟೆಂಪಲ್ ಎಂಬ ಚರ್ಚು. ಎದುರಿಗೆ ಚಿನ್ನದ ಬಣ್ಣದ ಶವಪೆಟ್ಟಿಗೆ. ಗಂಟೆಗಟ್ಟಲೆ ಹಾಡು, ಮಾತು, ಪ್ರಾರ್ಥನೆ. ಅದರ ನಡುವೆ ಕ್ಲಾರ್ಕ್ ಸಿಸ್ಟರ್ಸ್ ಬಂದು ನಿಂತರು. ಅವರು ಹಾಡಿದ್ದು ತಮ್ಮದೇ ಹಳೆಯ ಹಾಡು, ‘ಈಸ್ ಮೈ ಲಿವಿಂಗ್ ಇನ್ ವೇನ್’. ನಾನು ಬದುಕಿದ್ದು ದಂಡವಾಯಿತಾ ಅಂತ ಆ ಹಾಡು ಕೇಳುತ್ತದೆ. ಕೊಟ್ಟದ್ದು ದಂಡವಾ? ಮಾಡಿದ ಪ್ರಾರ್ಥನೆ ದಂಡವಾ? ಒಂದಾದ ಮೇಲೊಂದು ಪ್ರಶ್ನೆ. ಆಮೇಲೆ ಎಲ್ಲರೂ ಸೇರಿ ಉತ್ತರ ಕೊಡುತ್ತಾರೆ: ಇಲ್ಲ, ಖಂಡಿತ ಇಲ್ಲ.

ಈ ಹಾಡಿನ 1980ರ ಮೂಲ ಧ್ವನಿಮುದ್ರಿಕೆಯನ್ನು ಮೊದಲ ಸಲ ಕೇಳಿದಾಗ ನನಗೆ ಅದು ಕೈಗೆ ಸಿಗಲಿಲ್ಲ. ಒಂದೇ ಸಲಕ್ಕೆ ಅಷ್ಟೊಂದು ನಡೆಯುತ್ತಿತ್ತು. ಒಬ್ಬಳು ಹಾಡುತ್ತಾಳೆ, ಮೂವರು ಉತ್ತರಿಸುತ್ತಾರೆ, ಆರ್ಗನ್ ನಡುವೆ ಬಾಯಿ ಹಾಕುತ್ತದೆ, ಎದುರಿಗೆ ಕೂತ ಜನ ಕೂಗುತ್ತಾರೆ. ರಾಗ, ತಾಳ, ಶ್ರುತಿ ಅಂತ ಕೇಳಿ ಬೆಳೆದ ಕಿವಿಗೆ ಯಾವುದನ್ನು ಹಿಡಿದುಕೊಳ್ಳಬೇಕು ಅಂತಲೇ ತಿಳಿಯಲಿಲ್ಲ. ಒಂದೊಂದಾಗಿ ಬಿಡಿಸಿಕೊಂಡು ಕೇಳಿದ ಮೇಲೆ ಆ ಹಾಡು ಬಿಟ್ಟು ಹೋಗಲೇ ಇಲ್ಲ. ಹಾಗೆ ಬಿಡಿಸಿ ಹೇಳುವುದಕ್ಕೇ ಈ ಬರಹ.

ಕ್ಲಾರ್ಕ್ ಸಿಸ್ಟರ್ಸ್ ಅಂದರೆ ಡೆಟ್ರಾಯಿಟ್‌ನ ಐವರು ಅಕ್ಕತಂಗಿಯರು: ಜ್ಯಾಕಿ, ಡೆನೀಸ್, ಟ್ವಿಂಕಿ, ಡೊರಿಂಡಾ, ಕ್ಯಾರೆನ್. ಹಾಡುವುದು ಗಾಸ್ಪೆಲ್. ಗಾಸ್ಪೆಲ್ ಅಂದರೆ ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಭಕ್ತಿ ಸಂಗೀತ. ಅದಕ್ಕೆ ಈಗಿನ ರೂಪ ಬಂದದ್ದು 1930ರ ದಶಕದ ಶಿಕಾಗೋದಲ್ಲಿ. ಬ್ಲೂಸ್ ಅಂದರೆ ಅದೇ ಜನರ ಲೌಕಿಕ ಹಾಡು; ಥಾಮಸ್ ಡಾರ್ಸಿ ಎಂಬ ಬ್ಲೂಸ್ ಪಿಯಾನೋ ವಾದಕರು ಚರ್ಚಿನ ಮಾತಿಗೆ ಬ್ಲೂಸ್ ರಾಗದ ಬಳುಕು ಸೇರಿಸಿದರು. ಆಗಿನ ಎಷ್ಟೋ ಚರ್ಚುಗಳು ಇದು ಹೆಂಡದಂಗಡಿಯ ಸಂಗೀತ ಅಂತ ಬಾಗಿಲು ಹಾಕಿದವು. ದೇವರ ಹಾಡು ಎಲ್ಲಿ ಮುಗಿಯುತ್ತದೆ, ಲೋಕದ ಹಾಡು ಎಲ್ಲಿ ಶುರುವಾಗುತ್ತದೆ ಅನ್ನುವ ಜಗಳ ಗಾಸ್ಪೆಲ್‌ನ ಜೊತೆಯಲ್ಲೇ ಹುಟ್ಟಿದ್ದು. ಕ್ಲಾರ್ಕ್ ಸಿಸ್ಟರ್ಸ್ ಅವರ ಇಡೀ ವೃತ್ತಿಬದುಕು ಆ ಗೆರೆಯ ಮೇಲೆಯೇ ನಡೆಯಿತು.

ಅವರ ಚರ್ಚಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಹೆಸರು ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್. ಕಪ್ಪು ಜನರೇ ಕಟ್ಟಿದ ದೊಡ್ಡ ಪೆಂಟಕೋಸ್ಟಲ್ ಸಭೆ. ಕಟ್ಟಿದವರು ಚಾರ್ಲ್ಸ್ ಹ್ಯಾರಿಸನ್ ಮೇಸನ್. ಮುಖ್ಯ ಕೇಂದ್ರ ಮೆಂಫಿಸ್‌ನ ಮೇಸನ್ ಟೆಂಪಲ್. ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕೊನೆಯ ಭಾಷಣ ಮಾಡಿದ್ದು ಅಲ್ಲೇ, 1968ರ ಏಪ್ರಿಲ್ 3ರಂದು. ಈ ಸಭೆಯಲ್ಲಿ ಆರಾಧನೆ ಅಂದರೆ ತೆಪ್ಪಗೆ ಕೂತು ಕೇಳುವುದಲ್ಲ. ಡ್ರಮ್, ಗಿಟಾರ್, ತಂಬೂರಿ, ಚಪ್ಪಾಳೆ, ಕುಣಿತ ಎಲ್ಲ ಉಂಟು. (ಇಲ್ಲಿ ತಂಬೂರಿ ಅಂದರೆ ನಮ್ಮ ತಂತಿಯ ತಂಬೂರಿ ಅಲ್ಲ, ಕಂಜಿರದ ಹಾಗೆ ಬಿಲ್ಲೆ ಕಟ್ಟಿದ ಟ್ಯಾಂಬೊರಿನ್.) ವಾದ್ಯ, ನೃತ್ಯಗಳಿಂದ ದೇವರನ್ನು ಸ್ತುತಿಸಿ ಅಂತ 150ನೇ ಕೀರ್ತನೆ ಹೇಳುವುದನ್ನು ಅವರು ಇದ್ದಹಾಗೇ ನಡೆಸುತ್ತಾರೆ. ಇದೇ ಸಭೆ ಹೊರಗಿನ ಬದುಕಿನಲ್ಲಿ ಬಹಳ ಬಿಗಿ. ಹೆಣ್ಣುಮಕ್ಕಳ ಉಡುಪಿಗೆ ಕಟ್ಟುಪಾಡು. ಕ್ಲಬ್ಬು, ಲೌಕಿಕ ಸಂಗೀತ ದೂರ. ಒಳಗೆ ಎಷ್ಟು ಬೇಕಾದರೂ ಬಾರಿಸಿ, ಕುಣಿಯಿರಿ. ಅದನ್ನು ಹೊಸ್ತಿಲು ದಾಟಿಸಬೇಡಿ ಅನ್ನುವಂತೆ. ಇದೇ ಸಭೆಯ ಸಿಸ್ಟರ್ ರೊಸೆಟಾ ಥಾರ್ಪ್ 1938ರಲ್ಲಿ ನ್ಯೂಯಾರ್ಕ್‌ನ ಕಾಟನ್ ಕ್ಲಬ್ಬಿನಲ್ಲಿ ಗಿಟಾರ್ ಹಿಡಿದು ಹಾಡಿದಾಗ ಚರ್ಚಿನವರು ನೊಂದುಕೊಂಡಿದ್ದರು. ಕ್ಲಾರ್ಕ್ ಮನೆಯ ಹೆಣ್ಣುಮಕ್ಕಳು ಹುಟ್ಟುವುದಕ್ಕೆ ಮೊದಲೇ ಈ ಕಥೆ ಒಂದು ಸುತ್ತು ಬಂದಿತ್ತು.

ಇನ್ನು ತಾಯಿ. ಮ್ಯಾಟಿ ಮಾಸ್ ಕ್ಲಾರ್ಕ್ ಹುಟ್ಟಿದ್ದು 1925ರಲ್ಲಿ, ಅಲಬಾಮಾದ ಸೆಲ್ಮಾದಲ್ಲಿ. ದಕ್ಷಿಣದ ಲಕ್ಷಾಂತರ ಕಪ್ಪು ಕುಟುಂಬಗಳು ಕೆಲಸ, ಮರ್ಯಾದೆ ಹುಡುಕಿಕೊಂಡು ಉತ್ತರದ ಕಾರ್ಖಾನೆ ಊರುಗಳಿಗೆ ಹೋದ ಕಾಲ ಅದು. ಅವರೂ ಡೆಟ್ರಾಯಿಟ್ ಸೇರಿದರು. ಅಲ್ಲಿ ಚರ್ಚಿನ ಕಾಯರ್, ಅಂದರೆ ಹಾಡುವ ಗುಂಪು, ಕಟ್ಟುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. ಮುಂದೆ ಇಡೀ ಸಭೆಯ ಸಂಗೀತ ವಿಭಾಗದ ಮುಖ್ಯಸ್ಥೆಯಾದರು. ಡೆಟ್ರಾಯಿಟ್‌ನಲ್ಲಿ ಸ್ವಂತ ಸಂಗೀತ ಶಾಲೆ ತೆರೆದರು. ಕಾಯರನ್ನು ಸೊಪ್ರಾನೋ (ಮೇಲಿನ ದನಿ), ಆಲ್ಟೋ (ನಡುವಿನದು), ಟೆನರ್ (ಕೆಳಗಿನದು) ಅಂತ ಮೂರು ಭಾಗ ಮಾಡಿ, ಒಂದೊಂದಕ್ಕೆ ಬೇರೆ ಬೇರೆ ಸ್ವರ ಹಂಚಿ ಕಲಿಸುವ ಪದ್ಧತಿಯನ್ನು ಗಾಸ್ಪೆಲ್‌ನಲ್ಲಿ ನೆಲೆಗೊಳಿಸಿದ ಹಿರಿಮೆ ಅವರಿಗೇ ಸಲ್ಲುತ್ತದೆ.

ಈ ಮೂರು ಭಾಗದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ಲಾರ್ಕ್ ಸಿಸ್ಟರ್ಸ್ ಕಿವಿಗೆ ಒಲಿಯಬೇಕಾದರೆ ಇದು ತಿಳಿದಿರಬೇಕು.

ನಮ್ಮ ಕಡೆಯೂ ಅಕ್ಕತಂಗಿಯರು ಜೋಡಿಯಾಗಿ ಹಾಡುತ್ತಾರೆ. ಬಾಂಬೆ ಸಿಸ್ಟರ್ಸ್, ರಂಜನಿ–ಗಾಯತ್ರಿ ಕೇಳಿದವರು ಬಹಳ ಜನ. ಅಲ್ಲಿ ಇಬ್ಬರದೂ ಒಂದೇ ಸ್ವರ. ಎರಡು ಕಂಠ ಒಂದೇ ಕಂಠದಂತೆ ಸೇರಿದಷ್ಟೂ ಚೆನ್ನ. ಗಾಸ್ಪೆಲ್‌ನಲ್ಲಿ ಹಾಗಲ್ಲ. ಒಬ್ಬಳು ‘ಪ’ ಹಿಡಿದರೆ ಇನ್ನೊಬ್ಬಳು ಅದೇ ಹೊತ್ತಿಗೆ ‘ಗ’ ಹಿಡಿಯುತ್ತಾಳೆ, ಮೂರನೆಯವಳು ‘ಸ’. ಮೂರೂ ಸೇರಿ ಒಂದು ದಪ್ಪ ನಾದ. ಈಗ ಮೇಲಿನವಳು ‘ಪ’ದಿಂದ ‘ದ’ಕ್ಕೆ ಹೋದಳು ಅಂತಿಟ್ಟುಕೊಳ್ಳಿ. ಆ ಕ್ಷಣಕ್ಕೇ ನಡುವಿನವಳು ‘ಗ’ದಿಂದ ‘ಮ’ಕ್ಕೆ ಹೋಗಬೇಕು, ಕೆಳಗಿನವಳು ‘ಸ’ದಲ್ಲೇ ನಿಲ್ಲಬೇಕು. ಒಬ್ಬಳು ಸ್ವಲ್ಪ ತಡವಾದರೂ ಇಡೀ ಕಟ್ಟಡ ವಾಲುತ್ತದೆ. ಮನೆಯಲ್ಲಿ ಇಬ್ಬರನ್ನು ಕೂರಿಸಿಕೊಂಡು ಒಮ್ಮೆ ಮಾಡಿ ನೋಡಿ. ಪಕ್ಕದವರ ಸ್ವರ ನಿಮ್ಮನ್ನು ತನ್ನ ಕಡೆಗೆ ಎಳೆಯುತ್ತಾ ಇರುತ್ತದೆ. ಎಳೆತಕ್ಕೆ ಸಿಗದೆ ನಿಮ್ಮ ಜಾಗದಲ್ಲಿ ನಿಲ್ಲುವುದೇ ಕಷ್ಟ. ಮಂಗಳೂರು, ಧಾರವಾಡದ ಸಿಎಸ್‌ಐ ಚರ್ಚಿನ ಕಾಯರಿನಲ್ಲಿ ಹಾಡಿದವರಿಗೆ ನಾನು ಹೇಳುವುದು ತಟ್ಟನೆ ಅರ್ಥವಾಗುತ್ತದೆ.

ಕ್ಲಾರ್ಕ್ ಸಿಸ್ಟರ್ಸ್ ಅವರದು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಸಾಮಾನ್ಯವಾಗಿ ಮೂವರು ಸೇರಿ ಹಾಡುವಾಗ ಸ್ವರಗಳು ನೇರವಾಗಿ, ಮೆಟ್ಟಿಲಿನಂತೆ ಇರುತ್ತವೆ. ಇವರು ಗಮಕವನ್ನೂ ಮೂವರೂ ಸೇರಿಯೇ ಹಾಕುತ್ತಾರೆ. ನಮ್ಮಲ್ಲಿ ಬಿರ್ಕಾ ಅನ್ನುತ್ತೇವಲ್ಲ, ಒಂದೇ ಉಸಿರಿನಲ್ಲಿ ಹತ್ತು ಹನ್ನೆರಡು ಸ್ವರ ಉದುರಿಸುವುದು, ಅದನ್ನು ಗಾಸ್ಪೆಲ್‌ನವರು ರನ್ ಅನ್ನುತ್ತಾರೆ. ಒಬ್ಬಳೇ ರನ್ ಹಾಕುವುದಕ್ಕೆ ವರ್ಷಗಳ ಸಾಧನೆ ಬೇಕು. ಮೂವರು ಮೂರು ಎತ್ತರದಲ್ಲಿ, ಒಂದೇ ವೇಗದಲ್ಲಿ, ಒಂದೇ ಕಡೆ ತಿರುಗಿ, ಒಂದೇ ಕಡೆ ನಿಲ್ಲುವುದು ಅಂದರೆ? ಒಂದೇ ಮನೆಯಲ್ಲಿ ಬೆಳೆದವರಿಗೆ ಮಾತ್ರ ದಕ್ಕುವ ವಿದ್ಯೆ ಅಂತ ನನಗೆ ಅನ್ನಿಸುತ್ತದೆ.

ಆ ಮನೆಯ ಪಾಠ ಮೆತ್ತಗಿನದಲ್ಲ. ತಾಯಿಗೆ ನಡುರಾತ್ರಿ ಒಂದು ಹಾಡು ಹೊಳೆದರೆ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದರು. ಕಣ್ಣುಜ್ಜಿಕೊಂಡು ಬಂದು ತಮ್ಮ ತಮ್ಮ ಸ್ವರ ಹಾಡಿ, ಸರಿಬಂದ ಮೇಲೆ ಮಲಗಬೇಕು. ಅಕ್ಕತಂಗಿಯರೇ ಇದನ್ನು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆ ಶಿಸ್ತಿನ ಬಗ್ಗೆ ನನಗೆ ಒಂದೇ ಅಭಿಪ್ರಾಯವಿಲ್ಲ. ಹಾಡು ಕೇಳುವಾಗ ಕೃತಜ್ಞತೆ ಬರುತ್ತದೆ. ನಿದ್ದೆಗಣ್ಣಿನ ಮಕ್ಕಳನ್ನು ನೆನೆದಾಗ ಹೊಟ್ಟೆ ಚುರ್ ಅನ್ನುತ್ತದೆ. ಎರಡೂ ನಿಜ.

ಮೊದಲ ಆಲ್ಬಮ್ ‘ಜೀಸಸ್ ಹ್ಯಾಸ್ ಎ ಲಾಟ್ ಟು ಗಿವ್’ ಬಂದದ್ದು 1973ರಲ್ಲಿ. ಹೊರತಂದದ್ದು ಮ್ಯಾಟಿ ಅವರ ತಮ್ಮ, ಅಂದರೆ ಹುಡುಗಿಯರ ಸೋದರಮಾವ ಬಿಲ್ ಮಾಸ್. ಆಮೇಲೆ ಅಕ್ಕತಂಗಿಯರು ಡೆಟ್ರಾಯಿಟ್‌ನದೇ ಸೌಂಡ್ ಆಫ್ ಗಾಸ್ಪೆಲ್ ಎಂಬ ಸಣ್ಣ ಕಂಪನಿಗೆ ಹಾಡಿದರು. ಈ ಹೊತ್ತಿಗೆ ತಂಡದ ಚುಕ್ಕಾಣಿ ಟ್ವಿಂಕಿ ಕೈಗೆ ಬಂದಿತ್ತು. ಹೆಚ್ಚಿನ ಹಾಡು ಬರೆದದ್ದು, ಸ್ವರ ಕೂಡಿಸಿದ್ದು, ಆರ್ಗನ್ ನುಡಿಸಿದ್ದು ಅವರೇ.

ಆರ್ಗನ್ ಅಂದೆನಲ್ಲ, ಅದು ಹ್ಯಾಮಂಡ್ ಬಿ-3. ಟ್ವಿಂಕಿ ಅವರನ್ನು ಈ ವಾದ್ಯದ ರಾಣಿ ಅಂತಲೇ ಕರೆಯುತ್ತಾರೆ. ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಈ ಬಗೆಯ ವಿದ್ಯುತ್ ಆರ್ಗನ್ ಮಾರಾಟಕ್ಕೆ ತಂದರು. ದೊಡ್ಡ ಕೊಳವೆ ಆರ್ಗನ್ ಕೊಳ್ಳಲು ದುಡ್ಡಿಲ್ಲದ ಚರ್ಚುಗಳಿಗೆ ಇದು ವರವಾಯಿತು. ಬಿ-3 ಮಾದರಿ ಬಂದದ್ದು 1954ರಲ್ಲಿ. ಮರದ ಮೇಜಿನಂತಹ ಭಾರೀ ವಾದ್ಯ. ಬೆರಳಿನಿಂದ ಒತ್ತುವ ಎರಡು ಸಾಲು ಮನೆಗಳು, ಸಾಲಿಗೆ 61. ಕಾಲಿನ ಬುಡದಲ್ಲಿ 25 ಪೆಡಲ್. ನಮ್ಮ ಹಾರ್ಮೋನಿಯಮ್‌ಗೆ ಎದುರಿಗೆ ಎಳೆಯುವ ಗುಂಡಿಗಳಿರುತ್ತವಲ್ಲ, ಅದೇ ತರ ಇದಕ್ಕೆ ಎಳೆಯುವ ಸಣ್ಣ ಪಟ್ಟಿಗಳು, ಒಂದು ಗುಂಪಿಗೆ ಒಂಬತ್ತು. ಯಾವುದನ್ನು ಎಷ್ಟು ಎಳೆಯುತ್ತೀರಿ ಅನ್ನುವುದರ ಮೇಲೆ ನಾದದ ಬಣ್ಣ ಬದಲಾಗುತ್ತದೆ. ನುಡಿಸುತ್ತಾ ನುಡಿಸುತ್ತಾ ಕೈ ಹೋಗಿ ಒಂದು ಪಟ್ಟಿಯನ್ನು ಎಳೆದು ಬರುವುದು ನೋಡಲು ಚೆಂದ.

ಧ್ವನಿ ಹೊರಬರುವುದು ಲೆಸ್ಲಿ ಎಂಬ ಬೇರೆ ಪೆಟ್ಟಿಗೆಯಿಂದ. ಅದರೊಳಗೆ ಒಂದು ಕೊಂಬು ಗಿರಗಿರ ತಿರುಗುತ್ತದೆ. ಚಿಕ್ಕವರಿದ್ದಾಗ ಟೇಬಲ್ ಫ್ಯಾನ್ ಎದುರು ಕೂತು ‘ಆ’ ಅಂತ ಕೂಗಿ, ದನಿ ನಡುಗುವುದನ್ನು ಕೇಳಿ ಖುಷಿಪಟ್ಟಿದ್ದೇವಲ್ವಾ? ಹೆಚ್ಚುಕಡಿಮೆ ಅಂಥದ್ದೇ ನಡುಕ. ಕೊಂಬು ನಿಧಾನ ತಿರುಗಿದರೆ ಆರ್ಗನ್ ಉಸಿರಾಡುತ್ತದೆ. ಒಂದು ಸ್ವಿಚ್ ತಿರುವಿ ವೇಗ ಹೆಚ್ಚಿಸಿದರೆ ಅಳುತ್ತದೆ, ಕೂಗುತ್ತದೆ. ಭಾವ ಏರುವ ಜಾಗದಲ್ಲಿ ವಾದಕರು ಆ ಸ್ವಿಚ್ ಮುಟ್ಟುತ್ತಾರೆ. ಚರ್ಚಿನಲ್ಲಿ ಪಾದ್ರಿ ಉಪದೇಶ ಮಾಡುವಾಗಲೂ ಆರ್ಗನ್ ಹಿಂದೆಯೇ ಮಾತಾಡುತ್ತಾ ಇರುತ್ತದೆ. ಅವರು ನಿಲ್ಲಿಸಿದಾಗ ಅದು ಒಂದು ಮಾತು ಸೇರಿಸುತ್ತದೆ. ‘ಈಸ್ ಮೈ ಲಿವಿಂಗ್ ಇನ್ ವೇನ್’ನಲ್ಲಿ ಕೇಳುವುದೂ ಅದನ್ನೇ. ಪ್ರಶ್ನೆ ಹಾಡಿದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಖಾಲಿ ಜಾಗಕ್ಕೆ ಆರ್ಗನ್ ಬಂದು ಕೂರುತ್ತದೆ.

ಇನ್ನೊಂದು ವಿಷಯ ಹೇಳಿ ಕಥೆಗೆ ಬರುತ್ತೇನೆ. ಗಾಸ್ಪೆಲ್ ಹಾಡಿನ ಕೊನೆಯ ಭಾಗಕ್ಕೆ ವ್ಯಾಂಪ್ ಅನ್ನುತ್ತಾರೆ. ಒಂದು ಪುಟ್ಟ ಸಾಲನ್ನು ಹಿಂದಿನವರು ಹಾಡುತ್ತಲೇ ಇರುತ್ತಾರೆ. ಮುಂದಿನವಳು ಅದರ ಮೇಲೆ ಮನಸ್ಸಿಗೆ ಬಂದಂತೆ ಬೆಳೆಸುತ್ತಾಳೆ. ಕಛೇರಿಯಲ್ಲಿ ನೆರವಲ್ ಕೇಳಿದವರಿಗೆ ಇದು ಅಪರಿಚಿತ ಅಲ್ಲ. ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಕಛೇರಿ ಮುಗಿಯುವವರೆಗೂ ಆಧಾರ ಶ್ರುತಿ ಅಲುಗುವುದಿಲ್ಲ. ಇಲ್ಲಿ ಹಾಡಿನ ನಡುವೆಯೇ ಶ್ರುತಿಯನ್ನು ಅರ್ಧ ಮನೆ ಏರಿಸಿಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ ಅರ್ಧ ಮನೆ. ನೆಲವೇ ಮೇಲಕ್ಕೆ ಎದ್ದಂತೆ. ಕೂತವರು ಎದ್ದು ನಿಲ್ಲುವುದು ಅದಕ್ಕೇ. ಈ ಏರಿದ ಎತ್ತರದಲ್ಲಿ ಕ್ಯಾರೆನ್ ಅವರ ಕಂಠ ಮಿಂಚಿನ ಹಾಗೆ ಓಡುತ್ತದೆ. ಡೊರಿಂಡಾ ಜಾಝ್ ಹಾಡುವವರಂತೆ ಅರ್ಥವಿಲ್ಲದ ಅಕ್ಷರಗಳಲ್ಲಿ ತಾಳದ ಜೊತೆ ಆಟವಾಡುತ್ತಾರೆ. ಟ್ವಿಂಕಿ ಎದೆಯೊಳಗಿನ ದಪ್ಪ ದನಿಯಲ್ಲಿ ಉಪದೇಶಕರಂತೆ ಗದರುತ್ತಾರೆ.

1981ರಲ್ಲಿ ‘ಯೂ ಬ್ರಾಟ್ ದ ಸನ್‌ಶೈನ್’ ಬಂತು. ನನ್ನ ಬಾಳಿಗೆ ಬಿಸಿಲು ತಂದವನು ನೀನು ಅಂತ ದೇವರಿಗೆ ಹೇಳುವ ಹಾಡು. ಬರೆದದ್ದು ಟ್ವಿಂಕಿ. ಸ್ಟೀವಿ ವಂಡರ್ ಅವರ ‘ಮಾಸ್ಟರ್ ಬ್ಲಾಸ್ಟರ್’ ಎಂಬ ಹಾಡಿನ ಲಯ ಅವರಿಗೆ ಸ್ಫೂರ್ತಿ. ಆ ಹಾಡೋ, ಜಮೈಕಾದ ಬಾಬ್ ಮಾರ್ಲಿಗೆ ವಂಡರ್ ಅರ್ಪಿಸಿದ್ದು. ಹೀಗೆ ಜಮೈಕಾದ ರೆಗೆ ತಾಳ ಡೆಟ್ರಾಯಿಟ್‌ನ ಚರ್ಚಿನ ಹಾಡಿಗೆ ಬಂದು ಸೇರಿತು. ಹಾಡು ಚರ್ಚಿನಲ್ಲಿ ನಿಲ್ಲಲಿಲ್ಲ. ಡಿಜೆಗಳು ಅದನ್ನು ಡಾನ್ಸ್ ಕ್ಲಬ್ಬುಗಳಲ್ಲಿ ಹಾಕಿದರು. 1983ರ ಹೊತ್ತಿಗೆ ಎಲೆಕ್ಟ್ರಾ ಎಂಬ ದೊಡ್ಡ ಕಂಪನಿಯ ಮೂಲಕ ದೇಶದ ತುಂಬ ಹೋಯಿತು. ಲೌಕಿಕ ಹಾಡುಗಳ ಪಟ್ಟಿಗೂ ಏರಿತು. ಯೇಸುವಿನ ಹೆಸರಿಗೆ ಜನ ನಡುರಾತ್ರಿ ಕ್ಲಬ್ಬಿನಲ್ಲಿ ಕುಣಿದರು.

ಚರ್ಚಿನ ಹಿರಿಯರಿಗೆ ಇದು ನುಂಗಲಾರದ ತುತ್ತಾಯಿತು. ಅಮೆರಿಕದ ಸಂಗೀತಲೋಕದ ದೊಡ್ಡ ಪ್ರಶಸ್ತಿ ಗ್ರ್ಯಾಮಿ. ಅದರ 1983ರ ಸಮಾರಂಭದಲ್ಲಿ ಕ್ಲಾರ್ಕ್ ಸಿಸ್ಟರ್ಸ್ ಹಾಡಿದರು. ತಾಯಿಯೂ ವೇದಿಕೆಗೆ ಬಂದರು. ಸಭೆಯ ಸಂಗೀತದ ಮುಖ್ಯಸ್ಥೆ ಲೌಕಿಕರ ವೇದಿಕೆಯಲ್ಲಿ! ಹಿರಿಯರು ಅವರನ್ನು ತರಾಟೆಗೆ ತೆಗೆದುಕೊಂಡರು. ಹೆಣ್ಣುಮಕ್ಕಳ ಜೊತೆ ಇಂಥ ಕಡೆ ಮತ್ತೆ ಕಾಣಿಸಿಕೊಳ್ಳಬಾರದು ಅಂತಾಯಿತು. ಮ್ಯಾಟಿ ಸಭೆಯನ್ನು ಬಿಡಲಿಲ್ಲ. ಮಕ್ಕಳು ಹಾಡು ಬಿಡಲಿಲ್ಲ.

ಇದು ನನಗೆ ಬಹಳ ಕಾಡುವ ಘಟ್ಟ. ಆ ತಾಳ, ಆ ಕುಣಿತ, ಆ ಕೂಗು ಎಲ್ಲವನ್ನೂ ಅವರಿಗೆ ಕೊಟ್ಟದ್ದು ಚರ್ಚೇ. ಡ್ರಮ್ಮಿಗೆ ಬಾಗಿಲು ತೆರೆದಿಟ್ಟ ಸಭೆಯಲ್ಲಿ ಬೆಳೆದದ್ದಕ್ಕೇ ಅವರ ಹಾಡು ಕ್ಲಬ್ಬಿನಲ್ಲೂ ಸಲೀಸಾಗಿ ಕೂತಿತು. ಟ್ವಿಂಕಿ ಕ್ಲಬ್ಬಿಗಾಗಿ ಒಂದು ಸಾಲನ್ನೂ ಬದಲಾಯಿಸಲಿಲ್ಲ. ಹಾಡು ತಾನಾಗಿ ನಡೆದುಕೊಂಡು ಹೋಯಿತು, ಅಷ್ಟೇ. ಅದಕ್ಕೆ ಬೈಸಿಕೊಂಡದ್ದು ತಾಯಿ.

ಮುಂದಿನ ವರ್ಷಗಳಲ್ಲಿ ತಂಡ ಸಡಿಲವಾಯಿತು. 1980ರ ದಶಕದ ನಡುವಿನಲ್ಲಿ ಡೆನೀಸ್ ಹೊರನಡೆದರು. ದಶಕ ಮುಗಿಯುವ ಹೊತ್ತಿಗೆ ಟ್ವಿಂಕಿ ಕೂಡ ಬೇರೆಯಾಗಿ ಹಾಡತೊಡಗಿದರು. ಬರೆಯುವವರು, ನುಡಿಸುವವರು, ನಡೆಸುವವರು ಒಬ್ಬರೇ ಆಗಿದ್ದ ತಂಡದಿಂದ ಅವರೇ ಹೋದರೆ? ಉಳಿದ ಮೂವರು ಹಾಡುತ್ತಲೇ ಇದ್ದರು. 1994ರ ಸೆಪ್ಟೆಂಬರ್‌ನಲ್ಲಿ ತಾಯಿ ತೀರಿಕೊಂಡರು. ಕ್ಯಾರೆನ್ 1997ರಲ್ಲಿ ‘ಫೈನಲಿ ಕ್ಯಾರೆನ್’ ಎಂಬ ಸ್ವಂತ ಆಲ್ಬಮ್ ತಂದರು. ಅದರಲ್ಲಿ ಅವರ ಪುಟ್ಟ ಮಗಳು ಕಿಯೆರಾಳ ದನಿಯೂ ಇದೆ. 2001ರಲ್ಲಿ ಕ್ಯಾರೆನ್‌ಗೆ ಒಂದು ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟಿ ಪ್ರಜ್ಞೆ ತಪ್ಪಿತು. ಬದುಕುವ ಸಾಧ್ಯತೆ ಶೇ 2 ಅಂದಿದ್ದರಂತೆ ವೈದ್ಯರು. ಬದುಕಿದರು. ಮತ್ತೆ ಹಾಡಿದರು.

2006ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಜ್ಯಾಕಿ, ಟ್ವಿಂಕಿ, ಡೊರಿಂಡಾ, ಕ್ಯಾರೆನ್ ನಾಲ್ವರೂ ಜನರೆದುರು ಒಟ್ಟಿಗೆ ಹಾಡಿದರು. ಅದು ಮರುವರ್ಷ ‘ಲೈವ್: ಒನ್ ಲಾಸ್ಟ್ ಟೈಮ್’ ಎಂಬ ಆಲ್ಬಮ್ ಆಗಿ ಬಂತು. 2008ರ ಫೆಬ್ರವರಿಯಲ್ಲಿ ಅದರಿಂದ ಮೂರು ಗ್ರ್ಯಾಮಿ ಸಿಕ್ಕಿದವು: ಆಲ್ಬಮ್‌ಗೆ ಒಂದು, ‘ಬ್ಲೆಸ್ಡ್ ಅಂಡ್ ಹೈಲಿ ಫೇವರ್ಡ್’ ಹಾಡಿದ್ದಕ್ಕೆ ಒಂದು, ಅದನ್ನು ಬರೆದದ್ದಕ್ಕೆ ಕ್ಯಾರೆನ್‌ಗೆ ಒಂದು. ಹಾಡಿಕೆಯ ಪ್ರಶಸ್ತಿಯನ್ನು ಅವರು ಸಮವಾಗಿ ಹಂಚಿಕೊಂಡದ್ದು ಅರೀಥಾ ಫ್ರಾಂಕ್ಲಿನ್ ಮತ್ತು ಮೇರಿ ಜೆ. ಬ್ಲೈಜ್ ಅವರ ಜೊತೆ. ಮೊದಲ ಆಲ್ಬಮ್ ಬಂದು ಆಗ 35 ವರ್ಷ.

ಅಷ್ಟರಲ್ಲಿ ಅವರ ಹಾಡಿಕೆ ಅಮೆರಿಕದ ಪಾಪ್ ಸಂಗೀತದ ಒಳಗೆಲ್ಲ ಹರಡಿತ್ತು. 1990ರ ದಶಕದಿಂದ ಈಚೆಗೆ ಆರ್ ಅಂಡ್ ಬಿ ಹಾಡುವ ಹುಡುಗಿಯರು ಒಂದು ಸಾಲಿನ ಕೊನೆಯಲ್ಲಿ ಸರಸರ ಸ್ವರ ಉದುರಿಸುವುದನ್ನು ಗಮನಿಸಿ. ಅದರಲ್ಲಿ ಕ್ಯಾರೆನ್ ಅವರ ನೆರಳು ಕಾಣುತ್ತದೆ. ಧ್ವನಿಯ ತುಣುಕುಗಳೇ ನೇರವಾಗಿ ಹೊಸ ಹಾಡುಗಳಿಗೂ ಹೋಗಿವೆ. ಹಳೆಯ ಧ್ವನಿಮುದ್ರಿಕೆಯ ಒಂದು ತುಂಡು ಕತ್ತರಿಸಿ ಹೊಸದರಲ್ಲಿ ಹೆಣೆಯುವುದಕ್ಕೆ ಸ್ಯಾಂಪಲ್ ಅನ್ನುತ್ತಾರೆ. ರ್‍ಯಾಪ್ ಹಾಡುಗಾರ ಜೇ-ಝಿ ಅವರ 2017ರ ‘ಫ್ಯಾಮಿಲಿ ಫ್ಯೂಡ್’ನಲ್ಲಿ ‘ಹಾ ಯಾ’ ಎಂಬ ಹಾಡಿನ ತುಂಡಿದೆ. ಪಾಪ್ ಗಾಯಕಿ ಬಿಯಾನ್ಸೆಯ 2022ರ ‘ಚರ್ಚ್ ಗರ್ಲ್’ ಶುರುವಾಗುವುದೇ ‘ಸೆಂಟರ್ ಆಫ್ ದೈ ವಿಲ್’ನ ದನಿಗಳಿಂದ. ಬಿಯಾನ್ಸೆಯ ಹಾಡಿನ ವಸ್ತುವೂ ಚರ್ಚಿನ ಹುಡುಗಿ ಮೈಮರೆತು ಕುಣಿಯುವುದೇ. ನಲವತ್ತು ವರ್ಷದ ಹಿಂದಿನ ಜಗಳ ಅಲ್ಲಿ ಇನ್ನೂ ಜೀವಂತವಾಗಿದೆ.

2020ರ ಏಪ್ರಿಲ್ 11ರಂದು, ಈಸ್ಟರ್ ಹಿಂದಿನ ದಿನ, ಲಾಕ್‌ಡೌನ್ ನಡುವೆ ಲೈಫ್‌ಟೈಮ್ ಚಾನೆಲ್‌ನಲ್ಲಿ ಅವರ ಬದುಕಿನ ಚಿತ್ರ ಬಂತು. ತಾಯಿಯ ಪಾತ್ರ ಮಾಡಿದವರು ಆನ್‌ಜನೂ ಎಲ್ಲಿಸ್. ಕ್ಯಾರೆನ್ ಪಾತ್ರಕ್ಕೆ ಸ್ವಂತ ಮಗಳು ಕಿಯೆರಾ. 2024ರಲ್ಲಿ ಗ್ರ್ಯಾಮಿಯ ಜೀವಮಾನ ಸಾಧನೆಯ ಗೌರವವೂ ಬಂತು. ಯಾವ ವೇದಿಕೆ ಹತ್ತಿದ್ದಕ್ಕೆ ತಾಯಿ ಮಾತು ಕೇಳಬೇಕಾಯಿತೋ ಅದೇ ಗ್ರ್ಯಾಮಿ.

2021ರ ಮಾರ್ಚ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಕ್ಯಾರೆನ್ ಅವರ ಗಂಡ ಜೆ. ಡ್ರೂ ಶಿಯರ್ಡ್ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್‌ನ ಮುಖ್ಯ ಬಿಷಪ್ ಆಗಿ ಆಯ್ಕೆಯಾದರು. ಈ ಸಭೆಯಲ್ಲಿ ಬಿಷಪ್ಪರ ಹೆಂಡತಿಗೆ ಫಸ್ಟ್ ಲೇಡಿ ಎಂಬ ಮರ್ಯಾದೆ ಇದೆ. ಮ್ಯಾಟಿಯ ಕಿರಿಯ ಮಗಳು ಈಗ ಇಡೀ ಸಭೆಗೆ ಫಸ್ಟ್ ಲೇಡಿ.

ನೀವು ಕೇಳಲು ಶುರು ಮಾಡುವುದಾದರೆ ‘ಯೂ ಬ್ರಾಟ್ ದ ಸನ್‌ಶೈನ್’ನಿಂದ ಬೇಡ, ಅದು ಸುಲಭವಾಗಿ ಹಿಡಿಸಿಬಿಡುತ್ತದೆ, ಅಲ್ಲೇ ನಿಂತುಬಿಡುತ್ತೀರಿ. 1980ರ ‘ಈಸ್ ಮೈ ಲಿವಿಂಗ್ ಇನ್ ವೇನ್’ ಹಾಕಿಕೊಳ್ಳಿ. ಜನರೆದುರು ಹಾಡಿದ ಅದೇ ಧ್ವನಿಮುದ್ರಿಕೆ. ಮೊದಲ ಸಲ ಆರ್ಗನ್ ಒಂದನ್ನೇ ಕೇಳಿ. ಎರಡನೆಯ ಸಲ ಹಿಂದೆ ಉತ್ತರ ಕೊಡುವವರಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಹುಡುಕಿ, ಕೊನೆಯವರೆಗೂ ಕೈಬಿಡಬೇಡಿ. ಮೂರನೆಯ ಸಲ ಮುಂದೆ ಹಾಡುವವಳನ್ನು ಕೇಳಿ. ಅಷ್ಟು ಹೊತ್ತಿಗೆ ಪ್ರಶ್ನೆ ಬಂದಾಗ ಉತ್ತರದ ಸಾಲು ನಿಮ್ಮ ಬಾಯಲ್ಲೇ ಬಂದಿರುತ್ತದೆ.